ಟೈಲರ್ ಅಂಗಡಿಯಲ್ಲಿ ಹುಟ್ಟಿದ ಪತ್ತೇದಾರಿ ಕಾದಂಬರಿ

ಪತ್ತೇದಾರಿ ಕಾದಂಬರಿ ಬರೆಯೋಣ ಅಂತ ಕೂತಾಗ ನಾನು ಮೊದಲು ಮಾಡಿದ ತೀರ್ಮಾನ ಒಂದೇ: ನನ್ನ ನಾಯಕಿ ಅಂಗಡಿಗೆ ಬೀಗ ಹಾಕಿ ಅಪರಾಧಿಯ ಹಿಂದೆ ಓಡಬಾರದು. ಅವಳು ತಿಪಟೂರು ಸೀಮೆಯ ಸಣ್ಣ ಊರೊಂದರಲ್ಲಿ ಬ್ಲೌಸ್ ಹೊಲಿಯುವವಳು. ನಾನೂ ಅದೇ ಕಸುಬಿನವಳು. ಹಬ್ಬದ ಮುಂಚಿನ ವಾರ ಬಾಗಿಲು ಹಾಕಿದರೆ ಗಿರಾಕಿಗಳು ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾರೆ, ಮತ್ತೆ ತಿರುಗಿ ಬರುವುದಿಲ್ಲ. ಹಾಗಾಗಿ ಅವಳಿಗೆ ಏನೇ ತಿಳಿದರೂ ಮಿಷನ್ ಮುಂದೆ ಕೂತಲ್ಲೇ ತಿಳಿಯಬೇಕು.

ಅಮೆರಿಕದಲ್ಲಿ ಈ ಬಗೆಯ ಕಥೆಗಳಿಗೆ ಕೋಜಿ ಮಿಸ್ಟರಿ ಎಂಬ ಹೆಸರಿದೆ. ಊರು ಚಿಕ್ಕದು, ರಕ್ತಪಾತವನ್ನು ಕಣ್ಣೆದುರು ತೋರಿಸುವುದಿಲ್ಲ, ಪತ್ತೆ ಮಾಡುವವರು ಪೊಲೀಸರಲ್ಲ. ಬೇಕರಿ, ಟೀ ಅಂಗಡಿ, ಪುಸ್ತಕದಂಗಡಿ ನಡೆಸುವ ಹೆಂಗಸರೇ ಹೆಚ್ಚಾಗಿ ನಾಯಕಿಯರು. ಜೋಆನ್ ಫ್ಲೂಕ್ ಅವರ ಹ್ಯಾನಾ ಸ್ವೆನ್ಸನ್ ಮಿನೆಸೋಟಾ ರಾಜ್ಯದ ಕಲ್ಪಿತ ಊರೊಂದರ ಬೇಕರಿಯವಳು. 2000ದಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಹಾಲು ಹಾಕುವವನೇ ಅವಳ ಅಂಗಡಿಯ ಹಿಂದೆ ತನ್ನ ವ್ಯಾನಿನಲ್ಲಿ ಸತ್ತಿರುತ್ತಾನೆ. ಅವಳ ತಂಗಿಯ ಗಂಡ ಪೊಲೀಸಿನವನು, ಜನರನ್ನು ಮಾತಾಡಿಸಿ ನೋಡು ಅಂತ ಅವನೇ ಕೇಳಿಕೊಳ್ಳುತ್ತಾನೆ. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಪತ್ತೇದಾರ ಎಂದರೆ ಅದೇ ಕೆಲಸಕ್ಕೆಂದು ಹೊರಟವನು. ಅಂಗಡಿಯವಳು ಬೇರೆ. ಕೊಲೆ ಪತ್ತೆಯಾಗಲಿ ಬಿಡಲಿ, ನಾಳೆ ಅದೇ ಜನರ ಮುಖ ನೋಡಿ ಅವರ ಬಟ್ಟೆ ತೆಗೆದುಕೊಳ್ಳಬೇಕಾದವಳು. ನನಗೆ ಈ ಪ್ರಕಾರ ಹಿಡಿಸಿದ್ದೇ ಅದಕ್ಕೆ.

ಕಾಲವನ್ನು ಪಂಚಾಂಗ ನೋಡಿ ಇಟ್ಟುಕೊಂಡೆ. ಜ್ಯೇಷ್ಠದ ಕೊನೆಯ ಮುಹೂರ್ತಗಳಲ್ಲಿ ಸಾವು. ಆಷಾಢದಲ್ಲಿ ಮದುವೆಗಳಿಲ್ಲ, ಹೊಸ ಸೊಸೆಯರು ತವರಿಗೆ ಹೋಗಿರುತ್ತಾರೆ, ನಮ್ಮ ಕೈಗೆ ಕೆಲಸ ಕಡಿಮೆ, ಯೋಚನೆಗೆ ಬಿಡುವು ಜಾಸ್ತಿ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬಟ್ಟೆಯ ರಾಶಿ ಬೀಳುತ್ತದೆ, ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಾದಂಬರಿಯ ಮೊದಲರ್ಧ ನಿಧಾನ, ಎರಡನೆಯ ಅರ್ಧ ಓಟ. ಇದಕ್ಕೆ ನಾನು ಬೇರೆ ತಂತ್ರವನ್ನೇನೂ ಹುಡುಕಲಿಲ್ಲ, ಅಂಗಡಿಯ ವರ್ಷವೇ ಹಾಗಿದೆ.

ಸತ್ತವರು ಕೊಬ್ಬರಿ ಮಂಡಿಯ ಯಜಮಾನರು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡಬೇಕು. ಆಮೇಲೂ ಬೆಲೆ ಏರಲಿ ಎಂದು ಕಾಯುವವರು, ಈಗಲೇ ಮಾರಿ ಸಾಲ ತೀರಿಸೋಣ ಎನ್ನುವವರು, ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ. ಜಗಳಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಅವರು ಅಟ್ಟದ ಏಣಿಯಿಂದ ಬಿದ್ದು ಸತ್ತರು ಅಂತ ಊರು ನಂಬುತ್ತದೆ. ಊರಿಗೆ ನಿಜವಾದ ಹೆಸರು ಇಡಲಿಲ್ಲ. ಇಟ್ಟಿದ್ದರೆ ಆ ಊರಿನವರು ಅದು ಯಾರ ಮನೆ ಅಂತ ಹುಡುಕುತ್ತಾರೆ, ಯಾರದೋ ತಲೆಗೆ ಕಟ್ಟುತ್ತಾರೆ.

ಪೊಲೀಸರನ್ನು ದಡ್ಡರನ್ನಾಗಿ ಮಾಡಿ ನಾಯಕಿಯನ್ನು ಜಾಣೆ ಮಾಡುವುದು ನನಗೆ ಇಷ್ಟವಿರಲಿಲ್ಲ. ಕಾನೂನಿನ ದಾರಿಯನ್ನು ತಿಳಿದುಕೊಂಡೆ. ಇಂಥ ಸಾವಿಗೆ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಮೊದಲು ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ. ಮರಣೋತ್ತರ ಪರೀಕ್ಷೆ ಮುಗಿದು ದೇಹ ಮನೆಗೆ ಬರುತ್ತದೆ. ಅಂಗಾಂಶವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರೆ ವರದಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ಯಾರಿಗೂ ಅನುಮಾನವಿಲ್ಲದಿದ್ದರೆ ಆ ಮಧ್ಯದ ಕಾಲ ಸುಮ್ಮನೆ ಸರಿಯುತ್ತದೆ. ನನ್ನ ಟೈಲರ್‌ಗೆ ಜಾಗ ಸಿಕ್ಕಿದ್ದು ಅಲ್ಲಿ. ಹೂಳುವ ಪದ್ಧತಿಯ ಮನೆತನವನ್ನೂ ಬೇಕೆಂದೇ ಆರಿಸಿದೆ. ಸುಟ್ಟುಬಿಟ್ಟರೆ ಮುಂದೆ ನೋಡಲು ಏನೂ ಉಳಿಯುವುದಿಲ್ಲ. ಸಾವಿನ ಮನೆಗೆ ಅವಳು ಹೋಗುವುದು ಒಂದೇ ಸಲ, ಶಿವಗಣಾರಾಧನೆಯ ದಿನ, ಊರಿನ ಎಲ್ಲರ ಜೊತೆ. ಉಳಿದ ಸುದ್ದಿ ಹೆಡ್ ಕಾನ್‌ಸ್ಟೆಬಲ್ ಹೆಂಡತಿ ಸೀರೆಗೆ ಫಾಲ್ ಹಾಕಿಸಲು ಬಂದಾಗ ಬರುತ್ತದೆ, ಅದೂ ಅರ್ಧಂಬರ್ಧ.

ಇನ್ನು ಸುಳಿವು. ಬೇರೆ ಯಾರೂ ನೋಡಿ ತಿಳಿಯಲಾಗದ, ಟೈಲರ್ ಮಾತ್ರ ಓದಬಲ್ಲ ಸುಳಿವು ಬೇಕಿತ್ತು. ಅಕಸ್ಮಾತ್ ಕಿವಿಗೆ ಬಿದ್ದ ಮಾತಿನಿಂದ ಗುಟ್ಟು ಬಯಲಾಗುವುದಾದರೆ ಅವಳು ಟೈಲರ್ ಆಗಿರಬೇಕಾದ ಅಗತ್ಯವೇ ಇಲ್ಲ, ಬಸ್‌ಸ್ಟ್ಯಾಂಡಿನಲ್ಲಿ ನಿಂತ ಯಾರಾದರೂ ಸಾಕು. ನಮ್ಮ ಅಂಗಡಿಯಲ್ಲಿ ಒಂದು ರೂಢಿಯಿದೆ. ಆರಿ ವರ್ಕ್ ಮಾಡಿದ ರೇಷ್ಮೆ ಬ್ಲೌಸಿನ ಮಣಿ ಒಂದಕ್ಕೊಂದು ಉಜ್ಜದಿರಲಿ ಅಂತ ಎರಡು ತೋಳನ್ನೂ ಒಳಕ್ಕೆ ಮಡಿಸಿ ಒಂದೇ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಕೊಡುತ್ತೇವೆ. ತೊಡುವವರು ಆ ದಾರ ಕತ್ತರಿಸಲೇಬೇಕು. ಕಾದಂಬರಿಯಲ್ಲಿ ಮಂಡಿ ಮನೆಯ ಸೊಸೆ ಗೀತಾ, ಸಾವಾದ ರಾತ್ರಿ ಬೆಂಗಳೂರಿನ ಮದುವೆಯಲ್ಲಿದ್ದೆ ಎನ್ನುತ್ತಾಳೆ. 'ಅಕ್ಕಾ, ನೀವು ಹೊಲಿದ ಬ್ಲೌಸ್ ಎಲ್ಲರೂ ಮೆಚ್ಚಿಕೊಂಡ್ರು' ಅಂತಲೂ ಹೇಳುತ್ತಾಳೆ. ಶ್ರಾವಣದಲ್ಲಿ ಅವಳ ಅತ್ತೆ ಹಬ್ಬದ ಬ್ಲೌಸಿಗೆ ಅಳತೆಗೆಂದು ಅದೇ ಬ್ಲೌಸನ್ನು ಹುಡುಗನ ಕೈಲಿ ಕಳಿಸುತ್ತಾರೆ. ದಾರ ಹಾಗೇ ಇದೆ.

ಓದುಗರಿಗೆ ಮೋಸವಾಗಬಾರದಲ್ಲ? ದಾರ ಹಾಕುವುದನ್ನು ಎರಡನೆಯ ಅಧ್ಯಾಯದಲ್ಲೇ ತೋರಿಸಿದ್ದೇನೆ. ಅಲ್ಲಿ ಲೈನಿಂಗ್ ಬಟ್ಟೆಯ ಬೆಲೆ ಏರಿದ ಬಗ್ಗೆ ಚೌಕಾಸಿ ನಡೆಯುತ್ತಿರುತ್ತದೆ, ಹುಕ್ಕು ಹಾಕುವ ಹುಡುಗಿ ರಜೆ ಕೇಳುತ್ತಿರುತ್ತಾಳೆ, ಆ ಮಾತಿನ ನಡುವೆ ನಾಯಕಿಯ ಕೈ ತನ್ನಷ್ಟಕ್ಕೆ ದಾರ ಹಾಕಿ ಗಂಟು ಬಿಗಿದು ಕತ್ತರಿಸುತ್ತದೆ. ಸುಳಿವನ್ನು ಬಚ್ಚಿಡಲು ಕೆಲಸದ ಗದ್ದಲಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಓದುಗರು ಜಗಳ ಕೇಳುತ್ತಿರುತ್ತಾರೆ, ಕೈ ನೋಡುವುದಿಲ್ಲ.

ಆದರೆ ನಾನು ಹೆಚ್ಚು ಕಾಲ ತಿಣುಕಿದ್ದು ದಾರ ಸಿಕ್ಕಿದ ಮೇಲೆ ಅವಳು ಏನು ಮಾಡಬೇಕು ಎಂಬುದಕ್ಕೆ. ನಮ್ಮ ಕಸುಬಿನಲ್ಲಿ ಹೆಂಗಸರ ಮೈ ನಮಗೆ ಗೊತ್ತಿರುತ್ತದೆ. ಯಾರು ಇಳಿದಿದ್ದಾರೆ, ಯಾರಿಗೆ ತಿಂಗಳು ತುಂಬುತ್ತಿದೆ, ಯಾರ ತೋಳಲ್ಲಿ ಬೆರಳಿನ ಗುರುತಿದೆ, ಟೇಪು ಹಿಡಿದಾಗ ಎಲ್ಲ ಕಾಣುತ್ತದೆ. ಅದನ್ನು ಅಳತೆ ಪುಸ್ತಕದಾಚೆ ಒಯ್ಯುವುದಿಲ್ಲ ಎಂಬ ನಂಬಿಕೆಯ ಮೇಲೇ ಅಂಗಡಿ ನಿಂತಿರುವುದು. ಗೀತಾ ಆ ರಾತ್ರಿ ತುಮಕೂರಿನಲ್ಲಿ ಗೆಳತಿಯ ಮನೆಯಲ್ಲಿದ್ದಳು, ಮನೆಯವರಿಗೆ ಹೇಳದೆ ಮರುದಿನ ಒಂದು ನೇಮಕಾತಿ ಪರೀಕ್ಷೆ ಬರೆಯಲು. ಅವಳದೇನೂ ತಪ್ಪಿಲ್ಲ. ಆದರೆ ಅವಳು ಮದುವೆಗೆ ಹೋಗಿರಲಿಲ್ಲ ಎಂದ ಮೇಲೆ, ಅಲ್ಲಿ ಅವಳ ಜೊತೆಗೇ ಇದ್ದೆ ಎಂದ ಇನ್ನೊಬ್ಬರ ಮಾತೂ ಬಿದ್ದುಹೋಗುತ್ತದೆ. ಕೊಲೆಗಾರರನ್ನು ಹಿಡಿಯಬೇಕಾದರೆ ಗೀತಾಳ ಗುಟ್ಟು ಹೊರಬರಬೇಕು.

ಟೈಲರ್ ಠಾಣೆಗೆ ಹೋಗಿ ಬ್ಲೌಸ್ ತೋರಿಸುವ ಅಧ್ಯಾಯ ಬರೆಯುವುದು ಸುಲಭವಿತ್ತು, ಓದಲು ರೋಚಕವಾಗಿಯೂ ಇರುತ್ತಿತ್ತು. ನಾನು ಅದನ್ನು ಬರೆಯಲಿಲ್ಲ. ಅವಳು ಗೀತಾಳನ್ನು ಟ್ರಯಲ್‌ಗೆಂದು ಕರೆಸುತ್ತಾಳೆ, ಪರದೆ ಎಳೆಯುತ್ತಾಳೆ, ಬ್ಲೌಸನ್ನು ಅವಳ ಕೈಗಿಡುತ್ತಾಳೆ. 'ಇದನ್ನ ನಾನು ಯಾರಿಗೂ ಹೇಳಲ್ಲ ಕಣಮ್ಮ. ಹೇಳೋದಾದ್ರೆ ನೀನೇ ಹೇಳ್ಬೇಕು.' ಗೀತಾ ಮೂರು ಅಧ್ಯಾಯ ಸುಮ್ಮನಿರುತ್ತಾಳೆ. ಆ ಮೂರೂ ಅಧ್ಯಾಯಗಳಲ್ಲಿ ನಾಯಕಿ ಹಬ್ಬದ ಬ್ಲೌಸ್ ಹೊಲಿಯುತ್ತಾ ಕಾಯುತ್ತಾಳೆ, ಅಪರಾಧಿಯ ಮನೆಯವರ ಬಟ್ಟೆಯನ್ನೂ ಹೊಲಿಯುತ್ತಾಳೆ. ಹಸ್ತಪ್ರತಿ ಓದಿದ ಒಬ್ಬರು ಇಲ್ಲಿ ಕಥೆ ನಿಂತಿತು, ಕತ್ತರಿಸಿ ಅಂದರು. ನಾನು ಒಪ್ಪಲಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಅತಿ ಮುಖ್ಯವಾದ ಪುಟಗಳು ಅವೇ.

ಬರವಣಿಗೆಯ ದಿನಚರಿ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅಂಗಡಿ ಮುಚ್ಚಿದ ಮೇಲೆ ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದೆ. ಹಗಲು ಹೊಳೆದದ್ದನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಗಿರಾಕಿಗಳು ನನ್ನೊಡನೆ ಆಡಿದ ಒಂದು ಮಾತನ್ನೂ ಕಥೆಗೆ ತೆಗೆದುಕೊಳ್ಳಲಿಲ್ಲ. ಮಾತಿನ ಧಾಟಿ ಮಾತ್ರ ಅವರದು.

ಆ ಅಮೆರಿಕದ ಬೇಕರಿ ಕಾದಂಬರಿಗಳಲ್ಲಿ ತಿನಿಸು ಮಾಡುವ ವಿಧಾನವನ್ನೂ ಕೊಡುತ್ತಾರೆ. ನಾನು ನನ್ನ ಪುಸ್ತಕದ ಕೊನೆಗೆ 36 ಇಂಚಿನ ಲೈನಿಂಗ್ ಬ್ಲೌಸಿನ ಕಟಿಂಗ್ ಅಳತೆ ಕೊಟ್ಟಿದ್ದೇನೆ, ಮುಂದೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಪಕ್ಕಗಳಲ್ಲಿ ಎಷ್ಟು ಬಟ್ಟೆ ಬಿಡಬೇಕು ಎಂಬುದರ ಸಮೇತ. ಎರಡನೆಯ ಕಾದಂಬರಿಯನ್ನು ಶಾಲೆ ಶುರುವಾಗುವ ಜೂನ್ ತಿಂಗಳಿಗೆ ಇಟ್ಟುಕೊಂಡಿದ್ದೇನೆ. ಯೂನಿಫಾರ್ಮ್ ಹೊಲಿಯುವ ಕಾಲ ಅದು, ಊರಿನ ಎಲ್ಲ ಮಕ್ಕಳೂ ಅಂಗಡಿಗೆ ಬರುತ್ತಾರೆ, ಮತ್ತು ಮಕ್ಕಳು ದೊಡ್ಡವರು ಮುಚ್ಚಿಟ್ಟದ್ದನ್ನೆಲ್ಲ ಹೇಳಿಬಿಡುತ್ತಾರೆ.