ಚಿತ್ರ ಬಿಟ್ಟೆ, ಊರು ಹಿಡಿದೆ

ಹಳೇ ಜಾಹೀರಾತು ಕಾಗದ ಸೇರಿಸುವವರೆಲ್ಲ ಮೊದಲು ನೋಡೋದು ಚಿತ್ರ. ನಾನೂ ನಾಲ್ಕೈದು ವರ್ಷ ಹಾಗೇ ಮಾಡಿದೆ. ಮ್ಯಾಂಚೆಸ್ಟರ್ ಬಟ್ಟೆಯ ಮೇಲೆ ಅಂಟಿಸಿ ಕಳಿಸುತ್ತಿದ್ದ ದೇವರ ಚಿತ್ರದ ಚೀಟಿಗಳು (ಟಿಕೆಟ್ಟು ಅಂತಾರೆ), ಜಪಾನಿನ ಬೆಂಕಿಪೊಟ್ಟಣದ ಲೇಬಲ್ಲುಗಳು. ಅರವತ್ತು ಸಾವಿರದ ಹತ್ತಿರ ಸುರಿದೆ, ಅರ್ಧವೂ ವಾಪಸ್ ಬರಲಿಲ್ಲ. ಮುಂಬೈನಿಂದ ತಂದ ಒಂದು ಕಟ್ಟಿನಲ್ಲಿ ಮುಕ್ಕಾಲು ಪಾಲು ಹೊಸ ಮುದ್ರಣ. ಮಸೂರದಡಿ ಸಾಲಾಗಿ ಜೋಡಿಸಿಟ್ಟಂಥ ಚುಕ್ಕೆ ಕಂಡಾಗ ಎದೆ ಧಸಕ್ಕೆಂದಿತು. ಹಳೇ ಕಾಲದ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುತ್ತಿದ್ದುದರ, ಚುಕ್ಕೆ ಅಷ್ಟು ಶಿಸ್ತಾಗಿರುವುದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ನಾನೇ ಮಾಡಿಕೊಂಡದ್ದು. ಕೆಡಬಾರದೆಂದು ಮೂವತ್ತೆಂಟು ಊದುಬತ್ತಿ ಲೇಬಲ್ಲುಗಳಿಗೆ ಲ್ಯಾಮಿನೇಷನ್ ಮಾಡಿಸಿದೆ. ಒಂದನ್ನೂ ಮಾರಲಾಗಲಿಲ್ಲ. ಇನ್ನೊಂದು ಸಲ ನೀರಿನಲ್ಲಿ ನೆನೆಸಿ ಬಿಡಿಸಹೋಗಿ ಕೆಂಪು ಬಣ್ಣವೆಲ್ಲ ಬಟ್ಟಲಿಗೆ ಇಳಿಯಿತು.

ಆಮೇಲೆ ಮುಚ್ಚಿದ ಹಳೇ ಮಳಿಗೆಯೊಂದರ ಮೂರು ಚೀಲ ರದ್ದಿ ಸಿಕ್ಕಿತು, ಸುಮಾರು ಮೂರೂವರೆ ಸಾವಿರಕ್ಕೆ. ಬಿಲ್ಲು, ರಸೀದಿ, ಅಂಗಡಿ ಕ್ಯಾಲೆಂಡರು, ಲೇಬಲ್ಲು. ಚಿತ್ರ ಇದ್ದದ್ದು ಕಡಿಮೆ. ಅದನ್ನೆಲ್ಲ ಊರಿನ ಪ್ರಕಾರ ವಿಂಗಡಿಸಿದೆ: ಹುಬ್ಬಳ್ಳಿ, ದಾವಣಗೆರೆ, ತಿಪಟೂರು, ಗದಗ. ಅವೆನ್ಯೂ ರಸ್ತೆಯ ಗೆಳೆಯರು "ಬಿಲ್ಲು ಯಾರು ಕೊಳ್ತಾರೋ, ತೂಕಕ್ಕೆ ಹಾಕು" ಅಂದರು. ಹತ್ತು ತಿಂಗಳು ಅವರ ಮಾತೇ ನಿಜವಾಗಿತ್ತು. ಒಂದು ದಿನ ಅಡಿಕೆ ವ್ಯಾಪಾರಿಯೊಬ್ಬರ ಮೊಮ್ಮಗ ಬಂದು ತಾತನ ಅಂಗಡಿ ಬಿಲ್ಲು ನೋಡಿ ಕಣ್ಣು ತುಂಬಿಕೊಂಡರು. ಚೌಕಟ್ಟು ಹಾಕಿಸಿ ಕೊಟ್ಟೆ, ಎರಡು ಸಾವಿರದ ಮೇಲೆ ಬಂತು. ಅವರೇ ಇನ್ನೂ ಆರು ಜನರನ್ನು ಕಳಿಸಿದರು. ಈಗ ವರ್ಷಕ್ಕೆ ಲಕ್ಷದ ಮೇಲೆ ಈ ಊರ ಕಾಗದಗಳಿಂದಲೇ ಬರುತ್ತದೆ. ಚಿತ್ರದ ವ್ಯಾಪಾರದಲ್ಲಿ ಯಾವತ್ತೂ ಅಷ್ಟು ನೋಡಿಲ್ಲ.

ಕಾಲ ಹೇಳುವುದರಲ್ಲಿ ನನ್ನನ್ನು ಸೋಲಿಸುವವರು ಕಡಿಮೆ. ಆಣೆ ಲೆಕ್ಕವಿದ್ದರೆ 1957ರ ಆಸುಪಾಸಿಗಿಂತ ಹಿಂದಿನದು, 'ನಯಾ ಪೈಸೆ' ಇದ್ದರೆ 1957 ಮತ್ತು 64ರ ನಡುವಿನದು. ಆರಂಕಿಯ ಪಿನ್ ಕೋಡ್ ಕಂಡರೆ 1972ರ ನಂತರದ್ದು. ಹುಬ್ಬಳ್ಳಿಯ ಬಿಲ್ಲಿನಲ್ಲಿ ಬೊಂಬಾಯಿ ರಾಜ್ಯವೆಂದಿದ್ದರೆ 1956ರ ಏಕೀಕರಣದ ಮೊದಲಿನದು. ಆದರೆ ಅಂಗಡಿಯವರು ಹಳೇ ಬಿಲ್ ಪುಸ್ತಕ ಮುಗಿಯುವ ತನಕ ಬಳಸುತ್ತಿದ್ದರು. ಹಾಗಾಗಿ ಅಚ್ಚಿನ ಜೊತೆ ಕೈಬರಹದ ತಾರೀಖನ್ನೂ ನೋಡಿಯೇ ಬೆಲೆ ಹೇಳುತ್ತೇನೆ.

ನೋಟು ಪರೀಕ್ಷಿಸುವ ನೇರಳೆ ಟಾರ್ಚು ಇಟ್ಟುಕೊಂಡೂ ನೋಡಿದೆ. ಹಳೇದೆಂದು ಮಾರಲು ತಂದ ಕಾಗದ ಅದರಡಿ ನೀಲಿ ಬಿಳುಪಾಗಿ ಹೊಳೆದರೆ ಹೊಸ ಕಾಗದವೆಂದು ಕೊಳ್ಳುವುದಿಲ್ಲ. ಬೇವಿನ ಸೊಪ್ಪು ಒಣಗಿಸಿ ನಡುವೆ ಇಟ್ಟಾಗ ಹುಳು ಬರಲಿಲ್ಲ, ಆದರೆ ಕಾಗದಕ್ಕೆ ಹಳದಿ ಗುರುತು ಬಿತ್ತು. ಅದನ್ನು ಕೈಬಿಟ್ಟೆ. ಮೈದಾ ಅಂಟು ಬಿಡಿಸಲು ಈಗ ನೆನೆಸುವುದಿಲ್ಲ, ಆವಿ ಕೊಡುತ್ತೇನೆ. ಎಷ್ಟು ಹೊತ್ತು, ಕೆಳಗೆ ಏನು ಹಾಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಅದಕ್ಕೆ ಇಪ್ಪತ್ತು ಒಳ್ಳೇ ಲೇಬಲ್ಲು ಬಲಿ ಕೊಟ್ಟಿದ್ದೇನೆ. ಮನೆ ತುಂಬಿಸಿಕೊಂಡ ರದ್ದಿಯ ಬಗ್ಗೆ ನಮ್ಮ ಮನೆಯವರ ತಕರಾರು ಮಾತ್ರ ಇನ್ನೂ ನಿಂತಿಲ್ಲ.

ಹೊರದೇಶದ ಒಬ್ಬರು ನೂರು ವರ್ಷ ದಾಟಿದ ಒಂದು ಮ್ಯಾಂಚೆಸ್ಟರ್ ಟಿಕೆಟ್ಟಿಗೆ ಒಳ್ಳೇ ಬೆಲೆ ಹೇಳಿದ್ದರು. ಪುರಾತನ ವಸ್ತು ದೇಶ ದಾಟಿಸಬಾರದೆಂಬ 1972ರ ಕಾಯ್ದೆ ಇದೆ. ಕೊಡಲಿಲ್ಲ. ಇಳಕಲ್ಲಿನ ಸೀರೆ ಅಂಗಡಿಯ ಬಿಲ್ಲು ಇಷ್ಟು ವರ್ಷದಲ್ಲಿ ಒಂದೇ ಒಂದು ಸಿಕ್ಕಿದೆ. ಅದನ್ನಂತೂ ಯಾರಿಗೂ ಮಾರುವುದಿಲ್ಲ.