ಮಕ್ಕಳಿಗೆ ಅಮೆರಿಕದ ಮೂರು ಹಂತದ ಸರ್ಕಾರ ಹೇಳಿಕೊಡಲು

ಚಾರ್ಟ್ ತೋರಿಸಿ ಶುರು ಮಾಡಬೇಡಿ, ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಲೈಬ್ರರಿ ಕಾರ್ಡ್ ಮೂರನ್ನೂ ಮೇಜಿನ ಮೇಲಿಡಿ. ‘ಇದನ್ನು ಕೊಟ್ಟವರು ಯಾರು?’ ಅಂತ ಕೇಳಿ. ಅವರೇ ಓದಿ ಹುಡುಕಲಿ. ಒಂದರ ಮೇಲೆ ದೇಶದ ಹೆಸರು, ಇನ್ನೊಂದರ ಮೇಲೆ ರಾಜ್ಯದ್ದು, ಮತ್ತೊಂದರಲ್ಲಿ ಸಾಮಾನ್ಯವಾಗಿ ಸಿಟಿ ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು). ಮೂರೂ ಹಂತ ಕಣ್ಣೆದುರೇ ಬಂತು ಅಲ್ವಾ?

ಆಮೇಲೆ ಒಂದು ಅಂಗಡಿ ಬಿಲ್ ಕೊಡಿ. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಸೇಲ್ಸ್ ಟ್ಯಾಕ್ಸ್ ವಾಷಿಂಗ್ಟನ್‌ಗೆ, ಅಂದರೆ ಫೆಡರಲ್ (ಕೇಂದ್ರ) ಸರ್ಕಾರಕ್ಕೆ ಹೋಗುತ್ತದೆ ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ಫೆಡರಲ್ ಸೇಲ್ಸ್ ಟ್ಯಾಕ್ಸ್ ಅನ್ನುವುದೇ ಇಲ್ಲ! ಅದು ರಾಜ್ಯಕ್ಕೆ, ಹಲವು ಕಡೆ ಕೌಂಟಿಗೆ, ಸಿಟಿಗೂ ಸೇರುತ್ತದೆ. ಅಮೆರಿಕದ ಸಂವಿಧಾನದ 1791ರ 10ನೇ ತಿದ್ದುಪಡಿಯನ್ನು ಇಷ್ಟಾದ ಮೇಲೆ ಓದಿಸಿ; ಸಂವಿಧಾನ ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಅಂತ ಅದು ಹೇಳುತ್ತದೆ. ಆಗ ಪ್ರಶ್ನೆಗಳು ಮಕ್ಕಳಿಂದಲೇ ಬರುತ್ತವೆ.