ಕ್ವಿಲ್ ಮೇಲೇರದಿದ್ದಾಗ: ಸ್ಪ್ರಿಂಗ್ ಮತ್ತು ಫೀಡ್ ದುರಸ್ತಿಯ ನನ್ನ ಅನುಭವ

ಲೋಹ ಕತ್ತರಿಸುವ ನನ್ನ ಟರೆಟ್ ಮಾದರಿಯ ಮಿಲ್ಲಿಂಗ್ ಯಂತ್ರದಲ್ಲಿ ಒಂದು ದಿನ ರಂಧ್ರ ಕೊರೆದು ಹಿಡಿಕೆಯನ್ನು ಸಡಿಲಿಸಿದಾಗ, ಎಡಬದಿಯ ಸ್ಪ್ರಿಂಗ್ ಡಬ್ಬಿಯೊಳಗೆ ‘ಟಕ್’ ಎಂಬ ಸದ್ದಾಗಿ, ಕ್ವಿಲ್ (ಕಟರನ್ನು ತಿರುಗಿಸುವ ದಂಡವನ್ನು ಒಳಗೊಂಡು ಮೇಲೆ ಕೆಳಗೆ ಜಾರುವ ಕೊಳವೆ) ಮೇಲೇರುವ ಬದಲು ತನ್ನ ಭಾರಕ್ಕೇ ಕೆಳಗಿಳಿಯಿತು. ಅದಕ್ಕೂ ಕೆಲವು ವಾರಗಳ ಹಿಂದಿನಿಂದ ಸ್ವಯಂಚಾಲಿತ ಫೀಡ್, ಅಂದರೆ ಕ್ವಿಲ್ ಅನ್ನು ತಾನಾಗಿ ಇಳಿಸುವ ವ್ಯವಸ್ಥೆ, ಅರ್ಧಕ್ಕೇ ಕಳಚಿಕೊಳ್ಳುತ್ತಿತ್ತು. ಇವೆರಡೂ ಬೇರೆ ಬೇರೆ ದೋಷಗಳೆಂದು ನಾನು ಭಾವಿಸಿದ್ದೆ.

ಕ್ವಿಲ್‌ನ ಬೆನ್ನಿಗೆ ಕೊರೆದ ರ‍್ಯಾಕ್‌ನ ನೇರ ಸಾಲಿನ ಹಲ್ಲುಗಳನ್ನು ಪಿನಿಯನ್ ದಂಡ, ಅಂದರೆ ಸಣ್ಣ ಗೇರಿನ ಹಲ್ಲುಗಳಿರುವ ದಂಡ, ತಿರುಗುತ್ತಾ ಮೇಲೆ ಕೆಳಗೆ ಸರಿಸುತ್ತದೆ. ಆ ದಂಡದ ತುದಿಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ಪಟ್ಟಿಯೊಂದು ಕೊಂಡಿ ಹಾಕಿಕೊಂಡು ಕ್ವಿಲ್‌ನ ಭಾರವನ್ನು ತಡೆದಿರುತ್ತದೆ. ಕ್ವಿಲ್ ಇಳಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂಬುದನ್ನು ಮರೆತದ್ದೇ ನನ್ನ ತಪ್ಪು. ಕ್ವಿಲ್ ನಿಧಾನವಾಗಿ ಮೇಲೇರುತ್ತಿದೆಯೆಂದು ನಾನು ಹಲವು ಬಾರಿ ಡಬ್ಬಿಯನ್ನು ತಿರುಗಿಸಿ ಬಿಗಿ ಹೆಚ್ಚಿಸಿದ್ದೆ.

ವಿದ್ಯುತ್ ಸಂಪರ್ಕ ತೆಗೆದು, ಕಟರನ್ನು ಕಳಚಿ, ಮೇಜಿನ ಮೇಲೆ ಮರದ ದಿಮ್ಮಿಯಿಟ್ಟು ಕ್ವಿಲ್ ಅದಕ್ಕೆ ಆನಿಕೊಳ್ಳುವಂತೆ ಮಾಡಿ ಲಾಕ್ ಬಿಗಿದೆ. ಸ್ಪ್ರಿಂಗ್ ತುಂಡಾಗಿದ್ದರೂ ಅದರ ಸುತ್ತುಗಳು ಡಬ್ಬಿಯೊಳಗೆ ಅದುಮಿಕೊಂಡೇ ಇರುತ್ತವೆ. ಆದ್ದರಿಂದ ದಪ್ಪ ಕೈಗವಸು ಮತ್ತು ಕನ್ನಡಕ ಧರಿಸಿ, ಡಬ್ಬಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಸ್ಕ್ರೂಗಳನ್ನು ಸಡಿಲಿಸಿದೆ. ಸುತ್ತಿನ ದಿಕ್ಕನ್ನು ಮೊದಲೇ ಸೀಮೆಸುಣ್ಣದಲ್ಲಿ ಗುರುತಿಸಿದ್ದು ಕೊನೆಯಲ್ಲಿ ಬಹಳ ಉಪಕಾರಕ್ಕೆ ಬಂತು. ಒಳತುದಿಯ ಕೊಂಡಿ ಬಾಗಿದ ಜಾಗದಲ್ಲೇ ಮುರಿದಿತ್ತು. ಉಳಿದ ಪಟ್ಟಿಯಲ್ಲಿ ತುಕ್ಕಾಗಲಿ ಬಿರುಕಾಗಲಿ ಇರಲಿಲ್ಲ. ಇದ್ದಿದ್ದರೆ ಹೊಸದನ್ನೇ ಹಾಕುತ್ತಿದ್ದೆ. ಪಕ್ಕದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ತುದಿಯ ಸುಮಾರು 25 ಮಿ.ಮೀ.ಯನ್ನು ಮಾತ್ರ ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಟ್ಟೆ. ಹಾಗೆ ಮೆತ್ತಗಾದ ತುದಿಯನ್ನು ಇಕ್ಕಳದಲ್ಲಿ ಬಾಗಿಸಿ, ಒಳಮೂಲೆ ಚೂಪಾಗದಂತೆ ದುಂಡಗಿಟ್ಟು, ಅಂಚನ್ನು ಅರದಿಂದ ಉಜ್ಜಿದೆ.

ಇಷ್ಟಕ್ಕೇ ಮುಚ್ಚಿಬಿಡಬಹುದಿತ್ತು; ಆದರೆ ಸ್ಪ್ರಿಂಗ್ ಇಲ್ಲದಿದ್ದಾಗ ಹಿಡಿಕೆಯನ್ನು ಮೆಲ್ಲನೆ ತಿರುಗಿಸಿದರೆ ಕ್ವಿಲ್ ನಡುವೆ ಒಂದೆಡೆ ಅಂಟಂಟಾಗಿ ಬಿಗಿಯುತ್ತಿತ್ತು. ಪಿನಿಯನ್ ದಂಡವನ್ನು ತೆಗೆದು ಕ್ವಿಲ್ ಅನ್ನು ಕೆಳಗಿನಿಂದ ಹೊರತಂದಾಗ, ರ‍್ಯಾಕ್‌ನ ಹಲ್ಲುಗಳ ಬುಡದಲ್ಲಿ ಒಣಗಿದ ಗ್ರೀಸು ಮತ್ತು ಲೋಹದ ಹುಡಿ ಸೇರಿ ಕಪ್ಪು ಮೇಣದಂತೆ ಗಟ್ಟಿಯಾಗಿತ್ತು. ಕ್ವಿಲ್‌ಗೆ ತೆಳು ಎಣ್ಣೆಯೇ ಸರಿ, ಗ್ರೀಸು ಸಲ್ಲದು. ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಸವರಿದ ಮೇಲೆ ಅದು ಬೆರಳಿನ ಒತ್ತಡಕ್ಕೇ ಜಾರಿತು. ಈ ಅಂಟೇ ಕ್ವಿಲ್ ಅನ್ನು ತಡೆದಿತ್ತು, ಅದನ್ನು ಗೆಲ್ಲಲು ಬಿಗಿದ ಸ್ಪ್ರಿಂಗೇ ಮುರಿದಿತ್ತು.

ಫೀಡ್‌ನ ವಿಷಯಕ್ಕೂ ಇದೇ ಕಾರಣ. ಅದರ ಕ್ಲಚ್ (ಫೀಡಿಗೆ ಚಾಲನೆಯನ್ನು ಜೋಡಿಸುವ, ಬಿಡಿಸುವ ಭಾಗ) ಮಿತಿ ಮೀರಿದ ಹೊರೆ ಬಂದಾಗ ಬಿಟ್ಟುಕೊಳ್ಳುವಂತೆಯೇ ರಚಿತವಾಗಿದೆ. ಡ್ರಿಲ್‌ನ ಒತ್ತಡಕ್ಕೆ ಅಂಟಿನ ತಡೆಯೂ ಅತಿಬಿಗಿಯ ಸ್ಪ್ರಿಂಗಿನ ಎಳೆತವೂ ಸೇರಿ ಆಳಕ್ಕಿಳಿದಂತೆ ಅದು ಕಳಚುತ್ತಿತ್ತು. ಫೀಡ್ ಹಿಡಿಕೆಯ ಕೊಕ್ಕೆಯ ಅಂಚೂ ಸ್ವಲ್ಪ ದುಂಡಾಗಿತ್ತು. ಅದನ್ನು ಎಣ್ಣೆಕಲ್ಲಿನಲ್ಲಿ ತಿದ್ದಿದೆ. ಕ್ಲಚ್‌ನ ಬಿಗಿಯನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಅದನ್ನು ಹೆಚ್ಚಿಸಿದರೆ ಮುಂದೆ ಮುರಿಯುವುದು ಫೀಡ್ ನಡೆಸುವ ವರ್ಮ್ ಗೇರಿನ ಹಲ್ಲು.

ಕ್ವಿಲ್ ಪೂರ್ತಿ ಮೇಲಿರುವಾಗ ಸ್ಪ್ರಿಂಗ್ ಕೂರಿಸಿ, ಡಬ್ಬಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಪ್ರತಿಸಲವೂ ಹಿಡಿಕೆ ಬಿಟ್ಟು ಪರೀಕ್ಷಿಸಿದೆ. ಡ್ರಿಲ್ ಚಕ್ ಸಹಿತ ಕ್ವಿಲ್ 127 ಮಿ.ಮೀ. ಇಳಿದು, ಮೇಲೆ ಬಡಿಯದೆ ನಿಧಾನವಾಗಿ ಹಿಂದಿರುಗಿದಲ್ಲಿಗೆ ಸ್ಕ್ರೂಗಳನ್ನು ಬಿಗಿದೆ. ಅದೇ ಸಂಜೆ 6 ಮಿ.ಮೀ. ಡ್ರಿಲ್‌ನಲ್ಲಿ, ಡ್ರಿಲ್‌ನ ಪ್ರತಿ ಸುತ್ತಿಗೂ 0.003 ಇಂಚು ಇಳಿಯುವ ಫೀಡ್‌ನಲ್ಲಿ, ಉಕ್ಕಿನ ತುಂಡಿನಲ್ಲಿ ಕೊರೆದ ರಂಧ್ರಗಳೆಲ್ಲವೂ ಫೀಡ್ ಒಮ್ಮೆಯೂ ಕಳಚದೆ ಆಳದ ತಡೆಯವರೆಗೆ ಪೂರ್ಣಗೊಂಡವು.